ಕೊಲೆಗಾರ ತಿಮಿಂಗಿಲಗಳ ಬಗೆಗಳು: ಕಡಲಂಚಿನಲ್ಲಿ ಗುರುತಿಸುವುದು ಹೇಗೆ?

ಅರಬ್ಬಿ ಸಮುದ್ರದಲ್ಲಿ ಕಪ್ಪು ಬಣ್ಣದ ದೊಡ್ಡ ಪ್ರಾಣಿಯೊಂದು ಕಂಡಿತೆಂದರೆ, ಅಥವಾ ಅಂಥದೊಂದರ ಕಳೇಬರ ತೀರಕ್ಕೆ ಬಂದು ಬಿದ್ದಿತೆಂದರೆ, ‘ಕೊಲೆಗಾರ ತಿಮಿಂಗಿಲ’ ಎಂಬ ಮಾತು ಬಲುಬೇಗ ಹಬ್ಬುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ಆ ಹೆಸರಿಗೆ ನಿಜವಾಗಿ ಸಲ್ಲುವ ಪ್ರಾಣಿ ಕಾಣಸಿಗುವುದು ಅಪರೂಪ. ಅದನ್ನು ಹೋಲುವ, ಕೆಲವೊಮ್ಮೆ ಅದರ ಹೆಸರಿನ ಒಂದು ಭಾಗವನ್ನೂ ಹೊತ್ತ ಬೇರೆ ಪ್ರಾಣಿಗಳು ಹಲವಿವೆ. ಕೊಲೆಗಾರ ತಿಮಿಂಗಿಲಗಳಲ್ಲಿಯೂ ಒಂದರಂತೆ ಇನ್ನೊಂದಿಲ್ಲದ ಬಗೆಗಳಿವೆ.

ಹೂಲಿ, ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಕಡೆಯ ಓದುಗರಿಗೆ ಸಮುದ್ರವೆಂದರೆ ಬಹುಮಟ್ಟಿಗೆ ಕಾರವಾರ, ಗೋಕರ್ಣ, ಮುರ್ಡೇಶ್ವರ ಅಥವಾ ಗೋವೆಯ ಕಡಲು. ರಜೆಯಲ್ಲಿ ಅಲ್ಲಿಗೆ ಹೋಗಿ ದೋಣಿ ಹತ್ತುವವರ ಕೈಯಲ್ಲಿ ಈಗ ಕ್ಯಾಮೆರಾ ಇರುವ ಮೊಬೈಲ್ ಇದ್ದೇ ಇರುತ್ತದೆ. ಕಂಡ ಪ್ರಾಣಿಯನ್ನು ಸರಿಯಾಗಿ ಗುರುತಿಸಲು ಬಂದರೆ ಒಂದು ಸಾಮಾನ್ಯ ಚಿತ್ರವೂ ವಿಜ್ಞಾನಕ್ಕೆ ದಾಖಲೆಯಾಗುತ್ತದೆ. ತಪ್ಪು ಹೆಸರಿನಿಂದ ಹರಡಿದ ಚಿತ್ರ ಗದ್ದಲಕ್ಕಷ್ಟೇ ಕಾರಣವಾಗುತ್ತದೆ. ಗುರುತಿಸುವ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ಕೊಡಲಾಗಿದೆ.

ಹೆಸರಿನ ಹಿನ್ನೆಲೆ

ಕೊಲೆಗಾರ ತಿಮಿಂಗಿಲಕ್ಕೆ ಓರ್ಕಾ ಎಂಬುದು ಇನ್ನೊಂದು ಹೆಸರು. ಇದರ ವೈಜ್ಞಾನಿಕ ನಾಮ ಆರ್ಸಿನಸ್ ಆರ್ಕಾ. 1758ರಲ್ಲಿ ಲಿನ್ನೇಯಸ್ ಇದನ್ನು ಮೊದಲಿಗೆ ಡಾಲ್ಫಿನ್‌ಗಳ ಸಾಲಿನಲ್ಲಿಯೇ ಸೇರಿಸಿದ್ದನು. ಇಂದಿನ ವರ್ಗೀಕರಣದಲ್ಲಿಯೂ ಇದು ಡಾಲ್ಫಿನ್ ಕುಟುಂಬಕ್ಕೆ ಸೇರಿದೆ. ಆ ಕುಟುಂಬದ ಅತಿ ದೊಡ್ಡ ಸದಸ್ಯ ಇದೇ. ದೊಡ್ಡ ತಿಮಿಂಗಿಲಗಳನ್ನೂ ಗುಂಪುಗೂಡಿ ಬೇಟೆಯಾಡುವುದನ್ನು ಕಂಡ ಹಿಂದಿನ ನಾವಿಕರು ಇದನ್ನು ‘ತಿಮಿಂಗಿಲಗಳನ್ನು ಕೊಲ್ಲುವ ಪ್ರಾಣಿ’ ಎಂದು ಕರೆದರೆಂದೂ, ಕಾಲಕ್ರಮದಲ್ಲಿ ಅದು ‘ಕೊಲೆಗಾರ ತಿಮಿಂಗಿಲ’ ಎಂದಾಯಿತೆಂದೂ ವಿವರಣೆಯಿದೆ.

ಈ ವಿವರಣೆಗೆ ಹೊಂದುವ ಪದಗಳು ನಮ್ಮಲ್ಲಿಯೂ ಇವೆ. ಸಂಸ್ಕೃತದಲ್ಲಿ ‘ತಿಮಿ’ ಎಂದರೆ ಕಡಲಿನ ಭಾರಿ ಮೀನು. ತಿಮಿಯನ್ನು ನುಂಗುವುದು ತಿಮಿಂಗಿಲ. ಆ ತಿಮಿಂಗಿಲವನ್ನೂ ನುಂಗುವುದು ‘ತಿಮಿಂಗಿಲಗಿಲ’. ಪುರಾಣದ ಕಲ್ಪನೆಯಾದ ಈ ಕೊನೆಯ ಪದಕ್ಕೆ ನಿಜಲೋಕದಲ್ಲಿ ತಕ್ಕ ಪ್ರಾಣಿಯನ್ನು ಹುಡುಕಿದರೆ ಓರ್ಕಾದ ಹೊರತು ಬೇರೊಂದು ಸಿಗಲಾರದು.

ಹೆಸರು ಭೀಕರವಾಗಿದ್ದರೂ, ಸ್ವಚ್ಛಂದವಾಗಿ ಬದುಕುವ ಓರ್ಕಾ ಮನುಷ್ಯನನ್ನು ಕೊಂದ ಖಚಿತ ದಾಖಲೆಯಿಲ್ಲ. ಪ್ರಾಣಹಾನಿಯ ಘಟನೆಗಳು ನಡೆದಿರುವುದು ಪ್ರದರ್ಶನಕ್ಕಾಗಿ ಸೆರೆಯಲ್ಲಿಟ್ಟಿದ್ದ ಪ್ರಾಣಿಗಳಿಂದ.

ಮೂಲ ಗುರುತುಗಳು

ಓರ್ಕಾವನ್ನು ಗುರುತಿಸಲು ನಾಲ್ಕು ಲಕ್ಷಣಗಳನ್ನು ನೋಡಬೇಕು.

ಮೊದಲನೆಯದು ಬಣ್ಣ. ಮೈ ಕಡುಗಪ್ಪು. ಗಲ್ಲದಿಂದ ಹೊಟ್ಟೆಯವರೆಗೆ ಅಚ್ಚ ಬಿಳಿ. ಆ ಬಿಳುಪು ಪಕ್ಕೆಯ ಹಿಂಭಾಗದ ಮೇಲೂ ನಾಲಗೆಯಂತೆ ಚಾಚಿರುತ್ತದೆ. ಕಪ್ಪು ಬಿಳುಪುಗಳ ನಡುವೆ ಗೆರೆ ಎಳೆದಷ್ಟು ಸ್ಪಷ್ಟವಾದ ಅಂಚು ಇರುತ್ತದೆ.

ಎರಡನೆಯದು ಕಣ್ಣಿನ ಮೇಲಣ ಬಿಳಿ ಮಚ್ಚೆ. ಇದು ಉದ್ದಕ್ಕೆ ಮೊಟ್ಟೆಯಾಕಾರದಲ್ಲಿದ್ದು ಕಣ್ಣಿಗಿಂತ ತುಸು ಮೇಲೆ ಹಿಂದಕ್ಕಿರುತ್ತದೆ. ದೂರದಿಂದ ನೋಡುವವರು ಇದನ್ನೇ ಕಣ್ಣೆಂದು ಭಾವಿಸುವುದುಂಟು.

ಮೂರನೆಯದು ಬೆನ್ನುರೆಕ್ಕೆ. ಬಲಿತ ಗಂಡಿನಲ್ಲಿ ಇದು ನೆಟ್ಟಗೆ ನಿಂತು 1.8 ಮೀಟರ್‌ವರೆಗೆ, ಅಂದರೆ ಆರಡಿ ಆಳಿನ ಎತ್ತರಕ್ಕೆ ಬೆಳೆಯುತ್ತದೆ. ಹೆಣ್ಣಿನಲ್ಲಿ ಹಾಗೂ ಎಳೆಯ ಗಂಡಿನಲ್ಲಿ ಸುಮಾರು ಅದರ ಅರ್ಧದಷ್ಟಿದ್ದು ಕುಡುಗೋಲಿನಂತೆ ಹಿಂದಕ್ಕೆ ಬಾಗಿರುತ್ತದೆ.

ನಾಲ್ಕನೆಯದು ಬೆನ್ನುರೆಕ್ಕೆಯ ಹಿಂದಿನ ಬೂದು ಪಟ್ಟೆ. ಕುದುರೆಯ ಮೇಲೆ ಜೀನು ಹಾಕಿದಂತೆ ಬೆನ್ನಿನ ಎರಡೂ ಬದಿಗೆ ಇಳಿದಿರುವುದರಿಂದ ಇದನ್ನು ‘ಜೀನಿನ ಗುರುತು’ ಎನ್ನಬಹುದು. ಇದರ ಆಕಾರ ಪ್ರತಿಯೊಂದು ಪ್ರಾಣಿಯಲ್ಲಿಯೂ ಬೇರೆಯಾಗಿರುತ್ತದೆ.

ಗಾತ್ರದಲ್ಲಿ ಗಂಡು ಸಾಮಾನ್ಯವಾಗಿ 6ರಿಂದ 8 ಮೀಟರ್, ಹೆಣ್ಣು 5ರಿಂದ 7 ಮೀಟರ್ ಉದ್ದವಿರುತ್ತವೆ. ತಲೆ ಮೊಂಡಾಗಿದ್ದು, ಇತರ ಡಾಲ್ಫಿನ್‌ಗಳಂತೆ ಉದ್ದನೆಯ ಮೂತಿ ಇರುವುದಿಲ್ಲ. ಪಕ್ಕದ ರೆಕ್ಕೆಗಳು ದೋಣಿಯ ಹುಟ್ಟಿನ ಅಲಗಿನಂತೆ ಅಗಲವಾಗಿ, ದುಂಡಾಗಿರುತ್ತವೆ.

ಉತ್ತರ ಪೆಸಿಫಿಕ್‌ನ ಮೂರು ಬಗೆಗಳು

ಓರ್ಕಾಗಳಲ್ಲಿ ಬಗೆಗಳಿವೆ ಎಂಬುದು ಮೊದಲು ಖಚಿತವಾದದ್ದು ಕೆನಡಾದ ಪಶ್ಚಿಮ ಕರಾವಳಿಯಲ್ಲಿ. 1960 ಮತ್ತು 70ರ ದಶಕಗಳಲ್ಲಿ ಅಲ್ಲಿಯೂ ಪಕ್ಕದ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿಯೂ ಪ್ರದರ್ಶನಾಲಯಗಳಿಗಾಗಿ ಓರ್ಕಾಗಳನ್ನು ಸೆರೆಹಿಡಿಯಲಾಗುತ್ತಿತ್ತು. ಸಮುದ್ರದಲ್ಲಿ ಅವು ಹೇರಳವಾಗಿವೆ ಎಂಬುದು ಅಂದಿನ ನಂಬಿಕೆ. ಮೈಕೇಲ್ ಬಿಗ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಬೆನ್ನುರೆಕ್ಕೆಯ ಗಾಯ, ಕಚ್ಚು ಹಾಗೂ ಜೀನಿನ ಗುರುತುಗಳ ಚಿತ್ರ ತೆಗೆದು ಒಂದೊಂದು ಪ್ರಾಣಿಯನ್ನೂ ಬೇರೆಬೇರೆಯಾಗಿ ಗುರುತಿಸುವ ಪದ್ಧತಿಯನ್ನು ರೂಢಿಗೆ ತಂದರು. ಎಣಿಸಿ ನೋಡಿದಾಗ ಆ ಕರಾವಳಿಯಲ್ಲಿದ್ದವು ಕೆಲವೇ ನೂರು. ಅವು ಒಂದೇ ಸಮುದಾಯವಾಗಿರದೆ, ಪರಸ್ಪರ ಬೆರೆಯದ ಗುಂಪುಗಳಾಗಿದ್ದವು.

ನೆಲೆಸಿಗ ಬಗೆ: ಇವು ಮೀನನ್ನೇ ತಿನ್ನುತ್ತವೆ, ಅದರಲ್ಲೂ ಚಿನೂಕ್ ಎಂಬ ಜಾತಿಯ ಸಾಲ್ಮನ್ ಮೀನು ಮುಖ್ಯ ಆಹಾರ. ಬೆನ್ನುರೆಕ್ಕೆಯ ತುದಿ ದುಂಡಗೆ. ಜೀನಿನ ಗುರುತಿನೊಳಗೆ ಹಲವು ಸಲ ಕಪ್ಪು ನುಗ್ಗಿರುತ್ತದೆ. ತಾಯಿಯ ಕಡೆಯ ಸಂಸಾರವಾಗಿ ಬಾಳುತ್ತವೆ. ಬಲಿತ ಗಂಡು ಮಕ್ಕಳೂ ತಾಯಿಯನ್ನು ಬಿಟ್ಟು ಹೋಗುವುದಿಲ್ಲ. ತಮ್ಮೊಳಗೆ ಸದಾ ಸದ್ದು ಮಾಡುತ್ತಿರುತ್ತವೆ.

ಬಿಗ್ ಬಗೆ: ಹಿಂದೆ ‘ಅಲೆಮಾರಿ’ ಎಂಬರ್ಥದ ಹೆಸರಿದ್ದ ಇವಕ್ಕೆ ಆ ವಿಜ್ಞಾನಿಯ ಗೌರವಾರ್ಥವಾಗಿ ಈಗಿನ ಹೆಸರು ಬಂದಿದೆ. ಸೀಲ್, ಕಡಲಸಿಂಹ, ಕಡಲಹಂದಿ, ತಿಮಿಂಗಿಲದ ಮರಿ ಇವುಗಳ ಆಹಾರ. ಬೆನ್ನುರೆಕ್ಕೆಯ ತುದಿ ಚೂಪು. ಜೀನಿನ ಗುರುತು ದೊಡ್ಡದಾಗಿದ್ದು ಒಂದೇ ಬಣ್ಣದಲ್ಲಿ ತುಂಬಿರುತ್ತದೆ. ಬೇಟೆಗೆ ಸುಳಿವು ಸಿಗಬಾರದೆಂದು ಸದ್ದಿಲ್ಲದೆ, ಸಣ್ಣ ಗುಂಪುಗಳಲ್ಲಿ ಸಂಚರಿಸುತ್ತವೆ.

ಹೊರಗಡಲ ಬಗೆ: ತೀರದಿಂದ ದೂರದಲ್ಲಿ ದೊಡ್ಡ ಗುಂಪುಗಳಾಗಿ ಇರುತ್ತವೆ. ಮೈಗಾತ್ರ ತುಸು ಚಿಕ್ಕದು. ಶಾರ್ಕ್‌ಗಳನ್ನು ತಿನ್ನುವುದರಿಂದ, ಅವುಗಳ ಒರಟು ಚರ್ಮಕ್ಕೆ ಉಜ್ಜಿ ಹಲ್ಲುಗಳು ವಸಡಿನವರೆಗೂ ಸವೆದಿರುತ್ತವೆ.

ಒಂದೇ ನೀರಿನಲ್ಲಿದ್ದರೂ ನೆಲೆಸಿಗ ಬಗೆಯೂ ಬಿಗ್ ಬಗೆಯೂ ಒಂದರೊಡನೊಂದು ಕೂಡುವುದಿಲ್ಲ. ಲಕ್ಷಾಂತರ ವರ್ಷಗಳ ಹಿಂದೆಯೇ ಇವು ಕವಲೊಡೆದಿವೆ ಎಂದು ವಂಶವಾಹಿಗಳ ಅಧ್ಯಯನ ಹೇಳುತ್ತದೆ. ಇವೆರಡನ್ನೂ ಪ್ರತ್ಯೇಕ ಪ್ರಭೇದಗಳೆಂದು ಪರಿಗಣಿಸಬೇಕೆಂಬ ಪ್ರಸ್ತಾವ 2024ರಲ್ಲಿ ಪ್ರಕಟವಾಯಿತು. ಕಡಲ ಸಸ್ತನಿಗಳ ಅಧ್ಯಯನಕಾರರ ಅಂತರರಾಷ್ಟ್ರೀಯ ಸಂಘದ ವರ್ಗೀಕರಣ ಸಮಿತಿಯು ಸದ್ಯಕ್ಕೆ ಇವನ್ನು ಉಪಪ್ರಭೇದಗಳೆಂದು ಅಂಗೀಕರಿಸಿದೆ.

ಈ ವಿಂಗಡಣೆಯಿಂದ ಆದ ಪ್ರಯೋಜನ ದೊಡ್ಡದು. ಸೆರೆಹಿಡಿದವುಗಳಲ್ಲಿ ಬಹುಪಾಲು ದಕ್ಷಿಣದ ನೆಲೆಸಿಗ ಸಮುದಾಯವೊಂದರಿಂದಲೇ ಹೋಗಿದ್ದವೆಂಬುದು ಆಗ ತಿಳಿಯಿತು. ವಾಷಿಂಗ್ಟನ್ ರಾಜ್ಯದಲ್ಲಿ ಸೆರೆಹಿಡಿಯುವಿಕೆ 1976ರಲ್ಲಿ ನಿಂತಿತು. 2005ರಲ್ಲಿ ಅಮೆರಿಕ ಆ ಸಮುದಾಯವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಇಂದಿಗೂ ಅದರ ಸಂಖ್ಯೆ ಎಂಬತ್ತಕ್ಕಿಂತ ಕಡಿಮೆ. ಎಲ್ಲವನ್ನೂ ಒಂದೇ ಎಂದು ಎಣಿಸುತ್ತಿದ್ದರೆ ಈ ನಷ್ಟ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಅಂಟಾರ್ಕ್ಟಿಕದ ಬಗೆಗಳು

ದಕ್ಷಿಣ ಧ್ರುವದ ಸುತ್ತಲಿನ ಓರ್ಕಾಗಳನ್ನು ಎ, ಬಿ, ಸಿ, ಡಿ ಎಂದು ಹೆಸರಿಸಲಾಗಿದೆ. ಇಲ್ಲಿ ಕಣ್ಣಿನ ಮೇಲಣ ಮಚ್ಚೆಯೇ ಮುಖ್ಯ ಸುಳಿವು.

ಎ ಬಗೆ ದೊಡ್ಡ ಮೈಯದು. ಮಚ್ಚೆ ಮಧ್ಯಮ ಗಾತ್ರದ್ದು. ತೆರೆದ ನೀರಿನಲ್ಲಿ ಮಿಂಕೆ ತಿಮಿಂಗಿಲಗಳನ್ನು ಬೇಟೆಯಾಡುತ್ತದೆ. ಬಿ ಬಗೆಯ ಮಚ್ಚೆ ಬಹಳ ದೊಡ್ಡದು, ಮೈ ಬೂದು ಮಿಶ್ರಿತ. ಇದರಲ್ಲಿಯೇ ದೊಡ್ಡದು, ಚಿಕ್ಕದು ಎಂದು ಎರಡುಂಟು. ದೊಡ್ಡ ಬಿ ಬಗೆಯವು ಸಾಲಾಗಿ ಈಜಿ ಅಲೆ ಎಬ್ಬಿಸಿ, ತೇಲುವ ಹಿಮಗಡ್ಡೆಯ ಮೇಲೆ ಮಲಗಿದ ಸೀಲನ್ನು ನೀರಿಗೆ ಕೆಡವುತ್ತವೆ. ಸಿ ಬಗೆ ಇವೆಲ್ಲಕ್ಕಿಂತ ಚಿಕ್ಕದು; ಮಚ್ಚೆ ಕಿರಿದಾಗಿದ್ದು ಓರೆಯಾಗಿ ಇಳಿದಿರುತ್ತದೆ. ಹಿಮದ ಸೀಳುಗಳ ನಡುವೆ ಮೀನು ಹಿಡಿಯುವುದು ಇದರ ರೀತಿ.

ಡಿ ಬಗೆಯ ಮಚ್ಚೆ ಗೆರೆಯಷ್ಟು ಸಣ್ಣದು, ತಲೆ ಉಬ್ಬಿದ್ದು. 1955ರಲ್ಲಿ ನ್ಯೂಜಿಲೆಂಡ್‌ನ ತೀರದಲ್ಲಿ ಒಟ್ಟಾಗಿ ಬಂದು ಬಿದ್ದ ಗುಂಪಿನ ಚಿತ್ರಗಳಿಂದ ಇದು ಮೊದಲು ಗಮನಕ್ಕೆ ಬಂದಿತು. ಜೀವಂತ ಗುಂಪೊಂದನ್ನು ವಿಜ್ಞಾನಿಗಳು ಹುಡುಕಿ ಹತ್ತಿರದಿಂದ ಅಧ್ಯಯನ ಮಾಡಿದ್ದು 2019ರಲ್ಲಿ, ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಬಳಿಯ ಕಡಲಿನಲ್ಲಿ. ತೀರದಲ್ಲಿ ಯಾರೋ ತೆಗೆದಿಟ್ಟ ಚಿತ್ರಗಳು ದಶಕಗಳ ಬಳಿಕ ಹೊಸ ಬಗೆಯೊಂದರ ಸಾಕ್ಷಿಯಾದದ್ದು ಹೀಗೆ.

ನಮ್ಮ ಕಡಲಿನ ಓರ್ಕಾಗಳು

ಅರಬ್ಬಿ ಸಮುದ್ರ, ಲಕ್ಷದ್ವೀಪ, ಶ್ರೀಲಂಕಾದ ಸುತ್ತಲಿನ ನೀರು, ಅಂಡಮಾನ್ ಇಲ್ಲೆಲ್ಲ ಓರ್ಕಾಗಳು ಆಗಾಗ ಕಂಡಿವೆ. ಅವು ಈ ಮೇಲಿನ ಯಾವ ಬಗೆಗೂ ಸೇರಿವೆ ಎಂದು ನಿರ್ಧಾರವಾಗಿಲ್ಲ. ಉಷ್ಣವಲಯದ ಓರ್ಕಾಗಳಲ್ಲಿ ಜೀನಿನ ಗುರುತು ಮಸುಕಾಗಿರುವುದು ಸಾಮಾನ್ಯ. ತಣ್ಣೀರಿನ ಬಂಧುಗಳಂತೆ ಇವು ಒಂದೇ ಆಹಾರಕ್ಕೆ ಕಟ್ಟುಬಿದ್ದಿಲ್ಲ. ಮೀನು, ಶಾರ್ಕ್, ತೊರಕೆ, ಡಾಲ್ಫಿನ್, ತಿಮಿಂಗಿಲ ಹೀಗೆ ಸಿಕ್ಕಿದ್ದನ್ನು ತಿನ್ನುತ್ತವೆ. ಗುಂಪುಗಳೂ ಚಿಕ್ಕವು.

ಹೀಗಾಗಿ ನಮ್ಮ ಕಡೆ ತೆಗೆದ ಒಂದೊಂದು ಸ್ಪಷ್ಟ ಚಿತ್ರಕ್ಕೂ ಬೆಲೆಯಿದೆ. ಬೆನ್ನುರೆಕ್ಕೆಯ ಅಂಚಿನ ಒಂದು ಕಚ್ಚಿನಿಂದ, ಒಂದೆಡೆ ಕಂಡ ಪ್ರಾಣಿಯೇ ಮತ್ತೊಂದೆಡೆ ಕಂಡಿದೆಯೇ ಎಂದು ಹೋಲಿಸಿ ನೋಡಬಹುದು. ವಿಶ್ವ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಓರ್ಕಾಗೆ ‘ಮಾಹಿತಿ ಸಾಲದು’ ಎಂಬ ಷರಾ ಇರುವುದನ್ನು ಇಲ್ಲಿ ನೆನೆಯಬಹುದು.

ಓರ್ಕಾ ಎಂದು ಭ್ರಮೆ ಹುಟ್ಟಿಸುವವು

ಹುಸಿ ಕೊಲೆಗಾರ ತಿಮಿಂಗಿಲ: ಗಂಡು ಸುಮಾರು 6 ಮೀಟರ್‌ವರೆಗೆ ಬೆಳೆಯುತ್ತದೆ. ಮೈ ತೆಳುವಾಗಿ ನೀಳವಾಗಿದ್ದು ಬಹುತೇಕ ಪೂರ್ತಿ ಕಪ್ಪು. ಕಣ್ಣಿನ ಮೇಲೆ ಬಿಳಿ ಮಚ್ಚೆ ಇಲ್ಲ. ಬೆನ್ನುರೆಕ್ಕೆ ಚಿಕ್ಕದು. ಪಕ್ಕದ ರೆಕ್ಕೆಯ ಮುಂದಂಚು ಮೊಣಕೈ ಮಡಿಸಿದಂತೆ ಉಬ್ಬಿರುವುದು ಖಚಿತ ಗುರುತು.

ಗಿಡ್ಡರೆಕ್ಕೆಯ ಪೈಲಟ್ ತಿಮಿಂಗಿಲ: ಹಣೆ ಕುಂಬಳಕಾಯಿಯಂತೆ ಉಬ್ಬಿರುತ್ತದೆ. ಬೆನ್ನುರೆಕ್ಕೆ ತಗ್ಗಾಗಿ, ಬುಡದಲ್ಲಿ ಬಲು ಅಗಲವಾಗಿ, ತಲೆಯ ಕಡೆಗೆ ಸರಿದು ನಿಂತಿರುತ್ತದೆ. ಮುಖ್ಯ ಆಹಾರ ಸ್ಕ್ವಿಡ್.

ಕುಬ್ಜ ಕೊಲೆಗಾರ ತಿಮಿಂಗಿಲ: ಹೆಸರಿನಲ್ಲಿ ತಿಮಿಂಗಿಲವಿದ್ದರೂ ಉದ್ದ ಎರಡೂವರೆ ಮೀಟರ್‌ನ ಆಸುಪಾಸು. ತಲೆ ದುಂಡು, ತುಟಿ ಬಿಳಿ, ಪಕ್ಕದ ರೆಕ್ಕೆಯ ತುದಿಯೂ ದುಂಡು.

ಕಲ್ಲಂಗಡಿ ತಲೆಯ ತಿಮಿಂಗಿಲ: ಗಾತ್ರದಲ್ಲಿ ಕುಬ್ಜದಷ್ಟೇ ಇದ್ದರೂ ಪಕ್ಕದ ರೆಕ್ಕೆಯ ತುದಿ ಚೂಪು. ನೂರಾರು ಒಟ್ಟಿಗೆ ಸಾಗುವುದುಂಟು.

ರಿಸ್ಸೋ ಡಾಲ್ಫಿನ್: ಸುಮಾರು 4 ಮೀಟರ್‌ವರೆಗೆ ಬೆಳೆಯುತ್ತದೆ. ಬೆನ್ನುರೆಕ್ಕೆ ಎತ್ತರವಾಗಿರುವ ಕಾರಣ ದೂರಕ್ಕೆ ಹೆಣ್ಣು ಓರ್ಕಾ ಎನಿಸುತ್ತದೆ. ಹತ್ತಿರ ಬಂದಾಗ ಬೂದು ಮೈಮೇಲೆ ಬಿಳಿಯ ಗೀರುಗಳು ತುಂಬಿರುವುದು ಕಾಣುತ್ತದೆ.

ಇವೆಲ್ಲವೂ ಹೆಚ್ಚಾಗಿ ಆಳ ಸಮುದ್ರದವು. ಕಪ್ಪು ಮೈ ಮಾತ್ರವಿದ್ದು ಬಿಳಿ ಮಚ್ಚೆ ಕಾಣದಿದ್ದರೆ ಅದು ಓರ್ಕಾ ಅಲ್ಲವೆಂದೇ ತಿಳಿಯಬೇಕು. ಆದರೆ ಕೊಳೆಯತೊಡಗಿದ ಕಳೇಬರದಲ್ಲಿ ಚರ್ಮ ಸುಲಿದು ಬಣ್ಣ ಬದಲಾಗುತ್ತದೆ. ಆಗ ಬಣ್ಣವನ್ನು ನಂಬದೆ ತಲೆ, ರೆಕ್ಕೆ, ಹಲ್ಲುಗಳನ್ನು ನೋಡುವುದು ಸರಿಯಾದ ಕ್ರಮ.

ಕರ್ನಾಟಕದ ತೀರದಲ್ಲಿ ಸಾಮಾನ್ಯವಾಗಿ ಕಾಣುವವು

ರಾಜ್ಯದ ಸುಮಾರು 320 ಕಿ.ಮೀ. ಕರಾವಳಿಯಲ್ಲಿ ದಡದಿಂದಲೇ ಕಾಣುವುದು ಹೆಚ್ಚಾಗಿ ಹಿಂದೂ ಮಹಾಸಾಗರದ ಡುಬ್ಬದ ಡಾಲ್ಫಿನ್. ಬೆನ್ನಿನ ಮೇಲೆ ಉದ್ದನೆಯ ಡುಬ್ಬ, ಅದರ ಮೇಲೆ ಪುಟ್ಟ ರೆಕ್ಕೆ, ನೀಳ ಮೂತಿ ಇದರ ಲಕ್ಷಣ. ಆಳವಿಲ್ಲದ ನೀರು ಮತ್ತು ಅಳಿವೆಗಳು ಇದರ ನೆಲೆ. ಕಾರವಾರದ ಕಾಳಿ ನದಿಯ ಅಳಿವೆ, ದೇವಬಾಗ, ಕೂರ್ಮಗಡದ ಕಡೆ ಪ್ರವಾಸಿಗರಿಗೆ ತೋರಿಸುವ ಡಾಲ್ಫಿನ್ ಮುಖ್ಯವಾಗಿ ಇದೇ. ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಾಣಿ.

ಇನ್ನೊಂದು ಬೆನ್ನುರೆಕ್ಕೆಯಿಲ್ಲದ ಕಡಲಹಂದಿ. ದುಂಡು ತಲೆ, ಬೂದು ಮೈ, ಬೆನ್ನ ಮೇಲೆ ರೆಕ್ಕೆಯ ಬದಲು ಸಣ್ಣ ಗಂಟುಗಳಿರುವ ಏಣು. ನೀರಿನಿಂದ ಜಿಗಿಯದೆ ಸದ್ದಿಲ್ಲದೆ ಮೇಲೆದ್ದು ಮುಳುಗುವುದರಿಂದ ಬದುಕಿರುವಾಗ ಕಣ್ಣಿಗೆ ಬೀಳುವುದು ವಿರಳ. ಬೀಡುಬಲೆಗಳಲ್ಲಿ ಸಿಕ್ಕಿ ಸತ್ತ ಮೇಲೆ ಕಾಣುವುದೇ ಹೆಚ್ಚು. ಸತ್ತ ಕಡಲಹಂದಿಯನ್ನು ‘ಡಾಲ್ಫಿನ್ ಮರಿ’ ಎಂದು ಬರೆದುಕೊಂಡರೆ, ಬಲೆಗೆ ಬಲಿಯಾಗುತ್ತಿರುವ ಜಾತಿ ಯಾವುದೆಂಬುದೇ ಲೆಕ್ಕದಿಂದ ತಪ್ಪಿಹೋಗುತ್ತದೆ.

ಬಂಗುಡೆ, ಬೂತಾಯಿ ಮೀನಿನ ಹಿಂಡುಗಳನ್ನು ಹಿಂಬಾಲಿಸಿ ಬಾಟಲಿಮೂತಿ ಡಾಲ್ಫಿನ್, ಗಿರಕಿ ಡಾಲ್ಫಿನ್‌ಗಳೂ ಬರುತ್ತವೆ. ದೊಡ್ಡ ತಿಮಿಂಗಿಲಗಳಲ್ಲಿ ಬ್ರೈಡ್ ತಿಮಿಂಗಿಲವನ್ನು ತಲೆಯ ಮೇಲಿನ ಮೂರು ಏಣುಗಳಿಂದ ಗುರುತಿಸಬಹುದು; ಬಾಯಲ್ಲಿ ಹಲ್ಲಿನ ಬದಲು ಜರಡಿಯಂಥ ಪಟ್ಟಿಗಳಿರುತ್ತವೆ. ಮೈತುಂಬ ಬಿಳಿ ಚುಕ್ಕೆಗಳಿರುವ ತಿಮಿಂಗಿಲ ಶಾರ್ಕ್ ತಿಮಿಂಗಿಲವೇ ಅಲ್ಲ, ಅದು ಮೀನು. ಅದರ ಬಾಲ ನೆಟ್ಟಗೆ ನಿಂತಿರುತ್ತದೆ. ತಿಮಿಂಗಿಲ, ಡಾಲ್ಫಿನ್‌ಗಳ ಬಾಲ ಅಡ್ಡಲಾಗಿ ಹರಡಿರುತ್ತದೆ.

ಹೆಸರು ತಿಳಿಯಬೇಕೇಕೆ?

2016ರ ಜನವರಿಯಲ್ಲಿ ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಮಣಪಾಡು, ತಿರುಚೆಂದೂರು ತೀರಕ್ಕೆ ಸುಮಾರು 80 ತಿಮಿಂಗಿಲಗಳು ಬಂದು ಬಿದ್ದವು. ಅವು ಗಿಡ್ಡರೆಕ್ಕೆಯ ಪೈಲಟ್ ತಿಮಿಂಗಿಲಗಳು. ಮೀನುಗಾರರು ಹಾಗೂ ಅಧಿಕಾರಿಗಳು ಶ್ರಮಪಟ್ಟು ಕಡಲಿಗೆ ತಳ್ಳಿದವುಗಳಲ್ಲಿ ಕೆಲವು ಮರಳಿ ದಡಕ್ಕೇ ಬಂದವು. 40ಕ್ಕೂ ಹೆಚ್ಚು ಸತ್ತವು. ಅದೇ ಮಣಪಾಡಿನ ತೀರದಲ್ಲಿ 1973ರ ಜನವರಿಯಲ್ಲಿಯೂ ಇದೇ ಜಾತಿಯ 147 ತಿಮಿಂಗಿಲಗಳು ಬಂದು ಬಿದ್ದಿದ್ದವು.

ಪೈಲಟ್ ತಿಮಿಂಗಿಲಗಳಿಗೆ ಗುಂಪಿನ ಬಂಧ ಬಹಳ ಬಿಗಿ. ಬಂಧುಗಳು ದಡದಲ್ಲಿರುವಾಗ ಒಂದನ್ನು ಮಾತ್ರ ನೀರಿಗೆ ಬಿಟ್ಟರೆ ಅದು ಹಿಂದಿರುಗುವ ಸಂಭವವೇ ಹೆಚ್ಚು. ಒಂಟಿಯಾಗಿ ಬಂದು ಬಿದ್ದ ಬೇರೆ ಜಾತಿಯ ಪ್ರಾಣಿಗೆ ಮಾಡುವ ಉಪಚಾರ ಇವಕ್ಕೆ ಸಾಲದು. ಜಾತಿ ಯಾವುದೆಂದು ಮೊದಲ ಗಂಟೆಯಲ್ಲಿಯೇ ತಿಳಿದರೆ ರಕ್ಷಣೆಯ ಕ್ರಮವನ್ನೂ ಅದಕ್ಕೆ ತಕ್ಕಂತೆ ಯೋಜಿಸಬಹುದು.

ಮೀನುಗಾರರ ಹಿತವೂ ಇದರಲ್ಲಿದೆ. ತನಗೆ ಕಡಲ ಉತ್ಪನ್ನ ಮಾರುವ ದೇಶಗಳು ತಮ್ಮ ಬಲೆಗಳಲ್ಲಿ ಸಾಯುವ ಕಡಲ ಸಸ್ತನಿಗಳ ಲೆಕ್ಕವಿಟ್ಟು, ಅದನ್ನು ತಗ್ಗಿಸುವ ಕ್ರಮ ಕೈಗೊಳ್ಳಬೇಕೆಂಬ ನಿಯಮವನ್ನು ಅಮೆರಿಕ 2016ರಲ್ಲಿ ರೂಪಿಸಿತು. ಜಾತಿವಾರು ಲೆಕ್ಕವಿಲ್ಲದೆ ಇಂಥ ನಿಯಮಕ್ಕೆ ಉತ್ತರ ಕೊಡುವುದು ಕಷ್ಟ.

ಕಂಡಾಗ ಮಾಡಬೇಕಾದದ್ದು

ಎಲ್ಲ ಜಾತಿಯ ತಿಮಿಂಗಿಲ, ಡಾಲ್ಫಿನ್, ಕಡಲಹಂದಿಗಳಿಗೂ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ರಕ್ಷಣೆಯಿದೆ. ಒಂದನೆಯ ಅನುಸೂಚಿಯ ಪ್ರಾಣಿಗಳನ್ನು ಬೇಟೆಯಾಡಿದರೆ, ಅವುಗಳ ಅಂಗಾಂಗ ಮಾರಿದರೆ 3ರಿಂದ 7 ವರ್ಷಗಳ ಸೆರೆವಾಸ ಹಾಗೂ ದಂಡವಿದೆ. ‘ತಿಮಿಂಗಿಲ ವಾಂತಿ’ ಎಂದು ಕರೆಯುವ ಅಂಬರ್‌ಗ್ರಿಸ್ ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಉಂಟಾಗುವ ವಸ್ತು. ಭಾರತದಲ್ಲಿ ಅದರ ವ್ಯಾಪಾರವೂ ಅಪರಾಧವೇ. ಕೋಟಿಗಟ್ಟಲೆ ಬೆಲೆಯ ಆಸೆ ತೋರಿಸುವವರನ್ನು ಒಳನಾಡಿನವರೂ ನಂಬಬಾರದು.

ದೋಣಿಯಲ್ಲಿರುವಾಗ ಕಂಡರೆ ಎಂಜಿನ್ ನಿಧಾನಗೊಳಿಸಲು ಹೇಳಬೇಕು. ಬೆನ್ನಟ್ಟುವುದು, ಗುಂಪಿನ ನಡುವೆ ದೋಣಿ ನುಗ್ಗಿಸುವುದು ಸಲ್ಲದು. ಬೆನ್ನುರೆಕ್ಕೆಯನ್ನು ಪಕ್ಕದಿಂದ, ಸಾಧ್ಯವಾದರೆ ಎರಡೂ ಬದಿಯಿಂದ ಚಿತ್ರ ತೆಗೆಯಬೇಕು. ದಿನಾಂಕ, ವೇಳೆ, ಸ್ಥಳ, ಸಂಖ್ಯೆ, ಮರಿಗಳಿದ್ದವೇ ಎಂಬುದನ್ನು ಬರೆದಿಡಬೇಕು.

ಜೀವಂತ ಪ್ರಾಣಿ ದಡಕ್ಕೆ ಬಿದ್ದಿದ್ದರೆ ಕೂಡಲೇ ಅರಣ್ಯ ಇಲಾಖೆಗೆ ಅಥವಾ ಕರಾವಳಿ ಕಾವಲು ಪೊಲೀಸರಿಗೆ ತಿಳಿಸಬೇಕು. ಒದ್ದೆ ಬಟ್ಟೆ ಹೊದಿಸಿ ಚರ್ಮ ಒಣಗದಂತೆ ನೋಡಿಕೊಳ್ಳಬಹುದು. ನೆತ್ತಿಯ ಮೇಲಿರುವ ಉಸಿರಾಟದ ರಂಧ್ರವನ್ನು ಮುಚ್ಚಬಾರದು, ಅದರೊಳಗೆ ನೀರು ಹೋಗಲು ಬಿಡಬಾರದು. ಬಾಲಕ್ಕೆ ಹಗ್ಗ ಕಟ್ಟಿ ಎಳೆಯಬಾರದು.

ಸತ್ತ ಪ್ರಾಣಿಯಾದರೆ ಬರಿಗೈಯಿಂದ ಮುಟ್ಟದೆ, ಪಕ್ಕದಲ್ಲಿ ಕೋಲನ್ನೋ ಚಪ್ಪಲಿಯನ್ನೋ ಅಳತೆಗೆ ಇಟ್ಟು ಇಡೀ ಮೈ, ತಲೆ, ಬಾಯಿ, ಬೆನ್ನುರೆಕ್ಕೆ, ಪಕ್ಕದ ರೆಕ್ಕೆ, ಬಾಲ ಇವುಗಳ ಚಿತ್ರ ತೆಗೆಯಬೇಕು. ಉದ್ದವನ್ನು ಮೂತಿಯ ತುದಿಯಿಂದ ಬಾಲದ ನಡುವಿನ ಕಚ್ಚಿನವರೆಗೆ ಅಳೆಯುವುದು ಪದ್ಧತಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಡಲ ಜೀವಶಾಸ್ತ್ರ ವಿಭಾಗವು ಕಾರವಾರದಲ್ಲಿಯೇ ಇದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಕಾರವಾರ ಹಾಗೂ ಮಂಗಳೂರಿನಲ್ಲಿವೆ. ಇಂಥ ಚಿತ್ರ, ಅಳತೆಗಳಿಂದ ಜಾತಿಯನ್ನು ನಿರ್ಧರಿಸಬಲ್ಲ ತಜ್ಞರು ಅಲ್ಲಿರುತ್ತಾರೆ.

ಜಾತಿ ಖಚಿತವಾಗದಿದ್ದರೆ ಹೆಸರು ಹೇಳುವ ಆತುರ ಬೇಡ. ‘ಕಪ್ಪು ಮೈ, ಬಿಳಿ ಮಚ್ಚೆ ಇಲ್ಲ, ಹಣೆ ಉಬ್ಬಿದೆ, ಉದ್ದ ಸುಮಾರು ಹದಿನೈದು ಅಡಿ’ ಎಂಬ ನೇರವಾದ ವರದಿಯು ‘ಕೊಲೆಗಾರ ತಿಮಿಂಗಿಲ’ ಎಂಬ ತಪ್ಪು ಹೆಸರಿಗಿಂತ ಎಷ್ಟೋ ಹೆಚ್ಚು ಉಪಯುಕ್ತವಾದುದು.